ಆರನೇ ಪ್ರಶ್ನೆಗೆ ಉತ್ತರವಿಲ್ಲ

ಅನಂತರಾಮು ಮೇಷ್ಟ್ರಿಗೆ ಸೊನ್ನೆಯ ಮೇಲೆ ಸಿಟ್ಟು. ಭಿನ್ನರಾಶಿಯಲ್ಲಿ ಅದು ಗೆರೆಯ ಮೇಲೆ ಕೂತಿದ್ದರೆ ಅವರದೇನೂ ತಕರಾರಿಲ್ಲ. ಗೆರೆಯ ಕೆಳಗೆ, ಛೇದದಲ್ಲಿ ಬಂದು ಕೂತಿತೋ, ಮುಖ ಕೆಂಪಾಗಿಬಿಡುತ್ತಿತ್ತು. "ಸೊನ್ನೆಯಿಂದ ಭಾಗಿಸೋಕೆ ನಿಮ್ಮಪ್ಪ ಬಂದ್ರೂ ಆಗಲ್ಲ, ನಮ್ಮಪ್ಪ ಬಂದ್ರೂ ಆಗಲ್ಲ" ಎಂದು ಜಯನಗರ ಏಳನೇ ಬ್ಲಾಕಿನ ತಮ್ಮ ಮನೆಯ ವರಾಂಡದಲ್ಲಿ ಕೂತು ಅವರು ದನಿ ಏರಿಸಿದರೆ, ಬೀದಿಯಲ್ಲಿ ಸೊಪ್ಪು ಮಾರುವ ಮುನಿಯಕ್ಕ ಗಾಡಿ ನಿಲ್ಲಿಸಿ, "ಯಾರನ್ನ ಬೈತಾ ಅವ್ರೆ ನಿಮ್ ಯಜಮಾನ್ರು?" ಎಂದು ಅವರ ಹೆಂಡತಿ ಪಂಕಜಾರನ್ನು ಕೇಳುತ್ತಿದ್ದಳು. ಪಂಕಜಾ, "ಸೊನ್ನೇನ" ಅನ್ನುತ್ತಿದ್ದರು. ಮುನಿಯಕ್ಕ ಪಾಪ ಅಂದುಕೊಂಡು ಮುಂದೆ ಹೋಗುತ್ತಿದ್ದಳು.

ಅನುದಾನಿತ ಹೈಸ್ಕೂಲೊಂದರಲ್ಲಿ ಜೀವಮಾನವೆಲ್ಲ ಗಣಿತ ಹೇಳಿ ನಿವೃತ್ತರಾದ ಮನುಷ್ಯ. ನಿವೃತ್ತಿಯಾದ ಮೇಲೆ ಕೆಲವರು ಕೃಷ್ಣರಾವ್ ಪಾರ್ಕಿನಲ್ಲಿ ವಾಕಿಂಗ್ ಹಿಡಿಯುತ್ತಾರೆ, ಕೆಲವರು ಮಠ ಹಿಡಿಯುತ್ತಾರೆ. ಇವರು ವರಾಂಡ ಹಿಡಿದರು. ಬೆಳಿಗ್ಗೆ ಸಂಜೆ ಹೈಸ್ಕೂಲು ಮಕ್ಕಳು ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಇವರು ಕುರ್ಚಿಯ ಮೇಲೆ ಕೂತು ತೊಡೆಯ ಮೇಲೊಂದು ಸ್ಲೇಟು ಇಟ್ಟುಕೊಂಡು ಪಾಠ ಹೇಳುತ್ತಿದ್ದರು.

ಅವರ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಛೇದದಲ್ಲಿ x ಇರುವ ಸಮೀಕರಣ ಕೊಟ್ಟರೆ ಮಕ್ಕಳು ಮಾಡುವುದು ಒಂದೇ. ಎರಡೂ ಕಡೆ ಛೇದದಿಂದ ಗುಣಿಸಿ, ಅದನ್ನು ಹಾರಿಸಿ, ಉಳಿದದ್ದನ್ನು ಬಿಡಿಸಿ, ಬಂದ x ಕೆಳಗೆ ಎರಡು ಗೆರೆ ಎಳೆದು ಪುಸ್ತಕ ಮುಚ್ಚುವುದು. ಬಂದ ಬೆಲೆಯನ್ನು ವಾಪಸ್ ಹಾಕಿ ನೋಡುವ ಪದ್ಧತಿಯೇ ಇಲ್ಲ. ಹಾಕಿ ನೋಡಿದರೆ ಕೆಲವು ಸಲ ಆ ಛೇದವೇ ಸೊನ್ನೆಯಾಗಿರುತ್ತದೆ, ಅಂದರೆ ಸಿಕ್ಕಿದ್ದು ಉತ್ತರವೇ ಅಲ್ಲ. ಹೇಳಿ ಹೇಳಿ ಸಾಕಾಗಿ ಮೇಷ್ಟ್ರು ಹೈಸ್ಕೂಲಿನಲ್ಲಿದ್ದಾಗಲೇ ತಮ್ಮದೇ ಒಂದು ಪದ್ಧತಿ ಮಾಡಿದ್ದರು. ಲೆಕ್ಕ ಮುಟ್ಟುವ ಮೊದಲೇ ಛೇದ ನೋಡಬೇಕು. x ಏನಾಗಿರಕೂಡದು ಎನ್ನುವುದನ್ನು ಪುಟದ ಬಲಗಡೆ ಒಂದು ಚೌಕದೊಳಗೆ ಬರೆದು, ಚೌಕದ ಮೇಲೊಂದು ಸಣ್ಣ ತ್ರಿಕೋನ ಹಾಕಬೇಕು, ಕಾವಲುಗಾರನ ಗೂಡಿನ ಹಾಗೆ. ಉತ್ತರ ಬಂದ ಮೇಲೆ ಗೂಡಿನ ಕಡೆ ನೋಡಬೇಕು. ಅಲ್ಲಿರುವ ಬೆಲೆಯೇ ಇಲ್ಲಿ ಬಂದಿದ್ದರೆ ಮುಲಾಜಿಲ್ಲದೆ ಹೊಡೆದುಹಾಕಿ 'ಪರಿಹಾರವಿಲ್ಲ' ಎಂದು ಬರೆಯಬೇಕು. ಆಗ ಹೆಡ್‌ಮಾಸ್ಟರಾಗಿದ್ದ ತಿರುಮಲೇಶ ಸ್ಟಾಫ್‌ರೂಮಿನಲ್ಲಿ, "ಏನ್ರೀ ಅನಂತರಾಮು, ಲೆಕ್ಕಕ್ಕೂ ಗೂರ್ಖಾ ಇಟ್ಟಿದೀರಂತೆ?" ಎಂದು ಎಲ್ಲರ ಮುಂದೆ ಕಿಚಾಯಿಸುತ್ತಿದ್ದರು. ಇಡೀ ಬೆಂಗಳೂರಿನಲ್ಲಿ ಆ ಗೂಡು ಹಾಕುತ್ತಿದ್ದವರು ಅನಂತರಾಮು ಮತ್ತು ಅವರ ಹತ್ತಿರ ಕಲಿತ ಮಕ್ಕಳು ಮಾತ್ರ.

ಆ ಮಕ್ಕಳಲ್ಲಿ ಜಯಾ ಒಬ್ಬಳು. ಜರಗನಹಳ್ಳಿಯ ಬಾಡಿಗೆ ಮನೆಯಿಂದ ಕನಕಪುರ ರಸ್ತೆಯ ಬಸ್ಸು ಹಿಡಿದು ಬರುತ್ತಿದ್ದಳು. ತಾಯಿ ಶಿವವ್ವ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುವವಳು. ಪಂಕಜಾ ಅವರ ಮನೆಗೂ ಕೊಡುತ್ತಿದ್ದಳು, ಹಾಗೆ ಮಗಳ ಮಾತು ಬಂದು ಹುಡುಗಿ ಚಾಪೆಗೆ ಸೇರಿದ್ದು. ತಂದೆ ಭೀಮರಾಯ ಕಲ್ಲು ಚಪ್ಪಡಿಯ ಗೋಡೌನಿನಲ್ಲಿ ಲೋಡು ಇಳಿಸುತ್ತಿದ್ದ. ಗುಲ್ಬರ್ಗಾ ಕಡೆಯವರು. ಹುಡುಗಿ ಮಾತ್ರ ಇಲ್ಲೇ ಬೆಳೆದು ಬೆಂಗಳೂರಿನ ಮಾತೇ ಆಡುತ್ತಿದ್ದಳು. ಆಡುತ್ತಿದ್ದಳು ಅಂದರೆ ಎಷ್ಟು, ಕೇಳಿದ್ದಕ್ಕೆ ಉತ್ತರ ಅಷ್ಟೇ. ಆದರೆ ಲೆಕ್ಕದಲ್ಲಿ ಬಲು ಗಟ್ಟಿ. ಹೊಡೆದುಹಾಕಬೇಕಾದ ಬೆಲೆ ಬಂದರೆ ಮೇಷ್ಟ್ರ ಮುಖ ಕೂಡ ನೋಡದೆ ಹೊಡೆದುಹಾಕುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಮೇಷ್ಟ್ರಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ತೊಂಬತ್ತೇಳನೇ ಇಸವಿಯಲ್ಲಿ ಅವಳು ಎಸ್ಸೆಸ್ಸೆಲ್ಸಿ ಮುಗಿಸಿದಳು. ಮುಂದಿನ ಓದಿಗೆ ಒಂದೇ ದಾರಿ ಇತ್ತು. ಸುಮೇರು ಟ್ರಸ್ಟ್ ಎನ್ನುವ ಸಂಸ್ಥೆಯವರು ಕನ್ನಡ ಮಾಧ್ಯಮದ ಹುಡುಗಿಯರಿಗೆಂದೇ ಒಂದು ಪರೀಕ್ಷೆ ಇಟ್ಟು, ಗೆದ್ದ ಕೆಲವೇ ಮಕ್ಕಳಿಗೆ ಸೈನ್ಸ್ ಸೀಟು ಕೊಡಿಸಿ ಪಿಯುಸಿ ಮುಗಿಯುವ ತನಕ ಓದಿಸುತ್ತಿದ್ದರು. ಭೀಮರಾಯ ವರಾಂಡದ ಮೆಟ್ಟಿಲ ಹತ್ತಿರ ನಿಂತು ಮೇಷ್ಟ್ರಿಗೆ ಹೇಳಿಯೇ ಹೋಗಿದ್ದ.

"ಸೀಟ್ ಸಿಕ್ರ ಓದ್ಲಿ ಬಿಡ್ರಿ ಸರ್, ನಾ ಬ್ಯಾಡ ಅನ್ನಂಗಿಲ್ಲ. ಸಿಗ್ಲಿಲ್ಲಂದ್ರ ಗಾರ್ಮೆಂಟ್ಸಿಗೆ ಹೋಗ್ತಾಳ. ಈಕಿ ಬೆನ್ನಿಗೆ ಇನ್ನೊಂದು ಹುಡುಗಿ ಐತ್ರಿ ಮನ್ಯಾಗ."

ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ಜಾಗವಿರಲಿಲ್ಲ. ಮೇಷ್ಟ್ರು, "ಸಿಗತ್ತೆ ಕಣಯ್ಯಾ, ಯಾಕೆ ಸಿಗಲ್ಲ" ಅಂದರು.

ಪರೀಕ್ಷೆ ನಡೆಯಿತು. ಅದಾದ ಮೇಲೆ ತಿರುಮಲೇಶರಿಂದ ಫೋನು ಬಂತು. ಅವರು ಈಗ ಆ ಟ್ರಸ್ಟಿನ ಕಾರ್ಯದರ್ಶಿ. ಗಣಿತದ ಪೇಪರ್ ನೋಡಲು ಬನ್ನಿ ಅಂದರು. ನಿವೃತ್ತಿಯಾದ ಮೇಲೆ ಅನಂತರಾಮು ಅವರನ್ನು ಯಾರೂ ವ್ಯಾಲ್ಯುಯೇಷನ್‌ಗೆ ಕರೆದಿರಲಿಲ್ಲ. ಫೋನಿಟ್ಟವರೇ ಬೀರುವಿನಿಂದ ಕೋಟು ತೆಗೆದು ಬಿಸಿಲಿಗೆ ಹಾಕಿದರು.

"ನಮ್ಮ ಜಯಾನೂ ಬರೆದಿದಾಳಲ್ರೀ ಅದನ್ನ?" ಎಂದು ಪಂಕಜಾ ಕೇಳಿದರು.

"ಬರೆದ್ರೆ ಬರೆದ್ಲು. ಪೇಪರ್ ಮೇಲೆ ನಂಬರ್ ಇರತ್ತೆ, ಹೆಸರಿರಲ್ಲ."

"ಆದ್ರೂ ಒಂದ್ ಮಾತು ಹೇಳ್ಬಿಡಿ ಅವರಿಗೆ."

"ಹೇಳ್ತೀನಿ ಬಿಡೇ" ಅಂದರು. ಹೇಳಬೇಕೆಂದೇ ಇತ್ತು ಮನಸ್ಸಿನಲ್ಲಿ. ಅದನ್ನು ಅಲ್ಲಗಳೆಯುವ ಹಾಗಿಲ್ಲ.

ವ್ಯಾಲ್ಯುಯೇಷನ್ ನಡೆದದ್ದು ಜೆ.ಪಿ. ನಗರದ ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ. ಹಿಂದಿನ ದಿನದ ಮದುವೆಯ ಹುಳಿಯ ವಾಸನೆ ಇನ್ನೂ ಹೋಗಿರಲಿಲ್ಲ. ಎಲೆ ಹಾಕುವ ಉದ್ದದ ಟೇಬಲ್ಲುಗಳ ಮೇಲೆ ಪೇಪರ್ ಕಟ್ಟುಗಳು ಕೂತಿದ್ದವು. ಹಳೆಯ ಮೇಷ್ಟ್ರುಗಳೆಲ್ಲ ಕೈ ಕುಲುಕಿ, ಬೆನ್ನು ತಟ್ಟಿ, ಬಿ.ಪಿ. ಶುಗರ್ ವಿಚಾರಿಸಿ ಕೂತರು. ತಿರುಮಲೇಶ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ನೋಡಿ, ಒಂದು ಮಾತು. ನಿಮ್ಮನೆ ಮಕ್ಕಳು, ನಿಮ್ಮ ಟ್ಯೂಷನ್ ಮಕ್ಕಳು ಯಾರಾದ್ರೂ ಬರೆದಿದ್ರೆ ಈಗ್ಲೇ ಹೇಳ್ಬಿಡಿ. ಕಾಫಿ ಕುಡಿದು ಮನೆಗೆ ಹೋಗಿ, ಬೇಜಾರಿಲ್ಲ. ಆಮೇಲೆ ಗೊತ್ತಾದ್ರೆ ಮಾತ್ರ ಆ ಮಗುವಿನ ಪೇಪರೇ ರದ್ದು. ಕಮಿಟಿ ತೀರ್ಮಾನ, ನನ್ನ ಕೈಲಿಲ್ಲ."

ಯಾರೂ ಎದ್ದು ನಿಲ್ಲಲಿಲ್ಲ. ಅಲ್ಲ, ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಟ್ಯೂಷನ್ ಹೇಳದ ಗಣಿತದ ಮೇಷ್ಟ್ರನ್ನು ಎಲ್ಲಿಂದ ಹುಡುಕಿ ತರುವುದು? ಕತ್ರಿಗುಪ್ಪೆಯವರು ಫ್ಯಾನ್ ನೋಡಿದರು. ಬನಶಂಕರಿಯವರು ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ಎಲ್ಲರಿಗೂ ಎಲ್ಲರದೂ ಗೊತ್ತು, ಕೇಳುವವರು ಕೇಳಬೇಕು, ಕೂತವರು ಸುಮ್ಮನಿರಬೇಕು. ವ್ಯಾಲ್ಯುಯೇಷನ್ನಿನಲ್ಲಿ ಇದು ಮೊದಲಿನಿಂದ ಬಂದ ವಾಡಿಕೆ. ಅನಂತರಾಮು ಬಾಯಿ ತೆರೆಯಲು ಹೋದರು. ಕೋಟು ಹಾಕಿಕೊಂಡು ಬಂದವನು ಕಾಫಿ ಕುಡಿದು ವಾಪಸ್ ಹೋಗುವುದು ಹೇಗೆ ಅನ್ನಿಸಿತು. ಹೇಳದೆ ಕಟ್ಟಿನ ದಾರ ಬಿಚ್ಚಿದರು.

ಪೇಪರ್ ನೋಡುವ ಮೊದಲು ಪ್ರತಿ ಪ್ರಶ್ನೆಯನ್ನೂ ತಾವೇ ಬಿಡಿಸಿ ನೋಡುವುದು ಅವರ ಅಭ್ಯಾಸ. ಆರನೇ ಪ್ರಶ್ನೆಗೆ ಬಂದಾಗ ಕೈ ನಿಂತಿತು. ಲೆಕ್ಕ ಇಷ್ಟೇ:

x/(x − 3) = 3/(x − 3) + 2

ಎರಡೂ ಕಡೆ (x − 3)ರಿಂದ ಗುಣಿಸಿದರೆ x = 3 + 2(x − 3). ಬಿಡಿಸಿದರೆ x = 3. ಆದರೆ x ಮೂರಾದರೆ ಕೆಳಗಿನ (x − 3) ಸೊನ್ನೆ. ಅಂದರೆ ಈ ಸಮೀಕರಣಕ್ಕೆ ಪರಿಹಾರವೇ ಇಲ್ಲ. ಪಕ್ಕದಲ್ಲಿದ್ದ ಕೀ ಆನ್ಸರ್ ಹಾಳೆ ನೋಡಿದರು. ಅದರಲ್ಲಿ 'x = 3' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಏನಾಗಿದೆಯೆಂದು ಅವರಿಗೆ ಕೂಡಲೇ ಹೊಳೆಯಿತು. ಯಾರೋ ಪುಣ್ಯಾತ್ಮ ಹಳೆಯ ಲೆಕ್ಕ ತೆಗೆದುಕೊಂಡು ಒಂದು ಸಂಖ್ಯೆ ಬದಲಾಯಿಸಿದ್ದಾನೆ. ಬಲಗಡೆ ಮೇಲೆ ಐದು ಇದ್ದಿದ್ದರೆ x ಒಂದು ಬಂದು ಎಲ್ಲ ಸರಿಹೋಗುತ್ತಿತ್ತು. ಐದನ್ನು ಮೂರು ಮಾಡಿ, ಬಂದದ್ದನ್ನು ವಾಪಸ್ ಹಾಕಿ ನೋಡದೆ ಪ್ರೆಸ್ಸಿಗೆ ಕಳಿಸಿದ್ದಾನೆ. ಮಕ್ಕಳು ಮಾಡುವ ತಪ್ಪನ್ನೇ ಮೇಷ್ಟ್ರು ಮಾಡಿದರೆ ಯಾರ ಕಿವಿ ಹಿಂಡುವುದು?

ಪೇಪರುಗಳೂ ಹಾಗೇ ಬಂದವು. ಮೊದಮೊದಲು ಕೈಗೆ ಬಂದ ಮಕ್ಕಳೆಲ್ಲ x = 3 ಎಂದು ಬರೆದು ಎರಡು ಗೆರೆ ಎಳೆದಿದ್ದರು. ಅನಂತರಾಮು ಹಲ್ಲು ಕಚ್ಚಿಕೊಂಡು ಅಂಕ ಹಾಕುತ್ತ ಹೋದರು. ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾದಾಗ ಒಂದು ಪೇಪರಿನಲ್ಲಿ ಆರನೇ ಪ್ರಶ್ನೆಯ ಬಲಗಡೆ ಒಂದು ಗೂಡು ಕಂಡಿತು. ಚೌಕ, ಮೇಲೊಂದು ತ್ರಿಕೋನ, ಒಳಗೆ x ≠ 3. ಕೆಳಗೆ ನೀಟಾಗಿ ಲೆಕ್ಕ ಬಿಡಿಸಿ, ಬಂದ ಮೂರನ್ನು ಹೊಡೆದುಹಾಕಿ, 'ಪರಿಹಾರವಿಲ್ಲ' ಎಂದು ಬರೆದಿತ್ತು.

ಅವರಿಗೆ ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಹಾಲಿನಲ್ಲಿ, ಇಷ್ಟೊಂದು ಪೇಪರಿನಲ್ಲಿ, ಒಬ್ಬಳು, ಒಬ್ಬಳೇ ಒಬ್ಬಳು ಹೆದರದೆ ಸರಿ ಬರೆದಿದ್ದಾಳೆ, ಅವಳು ನಮ್ಮ ಜಯಾ, ಚಾಪೆಯಿಂದ ಈ ಪರೀಕ್ಷೆಗೆ ಕೂತವಳು ಅವಳೊಬ್ಬಳೇ. ಆ ಸಂತೋಷ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಇತ್ತು. ಆಮೇಲೆ ತಿರುಮಲೇಶ ಬೆಳಿಗ್ಗೆ ಹೇಳಿದ ಮಾತು ನೆನಪಾಯಿತು.

ಮೊದಲು ಸುಲಭದ ದಾರಿ ನೋಡಿದರು. ಪೂರ್ತಿ ಅಂಕ ಹಾಕಿ ಪೇಪರನ್ನು ಕಟ್ಟಿನ ನಡುವೆ ಸೇರಿಸಿ ಕಳಿಸಿದರು. ನೋಡಿದ ಪೇಪರುಗಳನ್ನು ಕೀ ಆನ್ಸರ್ ಜೊತೆ ಮತ್ತೊಮ್ಮೆ ತಾಳೆ ನೋಡಲು ಮೂಲೆಯಲ್ಲಿ ಉಗ್ರಪ್ಪ ಎಂಬ ಮೇಷ್ಟ್ರು ಹಸಿರು ಪೆನ್ನು ಹಿಡಿದು ಕೂತಿದ್ದರು. ಅವರು ಅದೊಂದನ್ನೇ ಹಿಡಿದುಕೊಂಡು ಬಂದರು.

"ಸಾರ್, ಕೀನಲ್ಲಿ ಮೂರು ಅಂತಿದೆ. ಈ ಮಗು ಇಲ್ಲ ಅಂತ ಬರೆದಿದೆ. ಸ್ಟೆಪ್ಪಿಗೆ ಬೇಕಾದ್ರೆ ಹಾಕಿ, ಆನ್ಸರಿಗೆ ತೆಗೆದುಬಿಡಿ."

"ಕೀನೇ ತಪ್ಪು ಕಣ್ರೀ ಉಗ್ರಪ್ಪ. ನೀವೇ ಹಾಕಿ ನೋಡಿ."

"ಅದೆಲ್ಲ ನಂಗ್ಯಾಕೆ ಸಾರ್? ಅಲ್ಲಿ ಕೂತಿದಾರಲ್ಲ, ಅವರ ಹತ್ರ ಕೇಳ್ಕೊಳಿ" ಎಂದು ಉಗ್ರಪ್ಪ ಪೇಪರನ್ನು ಟೇಬಲ್ಲಿನ ಮೇಲಿಟ್ಟು ಹೋದರು.

ಅನಂತರಾಮು ಪೇಪರನ್ನು ಅಲ್ಲೇ ಬಿಟ್ಟು ಪ್ರಶ್ನೆಪತ್ರಿಕೆ ಮಾತ್ರ ತೆಗೆದುಕೊಂಡು ತಿರುಮಲೇಶರ ಹತ್ತಿರ ಹೋದರು. ತಿರುಮಲೇಶ ಊಟದ ಮೊದಲಿನ ಮಾತ್ರೆ ನುಂಗುತ್ತಿದ್ದರು. ಲೆಕ್ಕ ನೋಡಿದರು. ಹಾಳೆಯ ಹಿಂಬದಿ ತಾವೇ ಬಿಡಿಸಿದರು. ಮೂರು ಬಂತು. ಮೂರನ್ನು ವಾಪಸ್ ಹಾಕಿದರು. ಕನ್ನಡಕ ತೆಗೆದರು.

"ಛೆ. ಹೌದಲ್ರೀ."

"ಹೌದು ಸಾರ್."

"ಎಲ್ಲರೂ ಮೂರು ಅಂತಾನೇ ಬರೆದಿದಾರಾ?"

ತಿರುಮಲೇಶ ಉತ್ತರಕ್ಕೆ ಕಾಯದೆ ಹೇಳುತ್ತ ಹೋದರು. "ನೋಡಿ, ಎಲ್ಲರೂ ಮೂರು ಅಂತ ಬರೆದಿದ್ರೆ ಇದನ್ನ ಕೆದಕೋದ್ಯಾಕೆ? ಎಲ್ಲರಿಗೂ ಒಂದೇ ಆಯ್ತು. ಆದ್ರೆ ಒಂದೇ ಒಂದು ಮಗು ಪರಿಹಾರವಿಲ್ಲ ಅಂತ ಬರೆದಿದ್ರೂ ಆ ಪೇಪರ್ ತಗೊಂಬನ್ನಿ ನನ್ನ ಹತ್ರ. ನಾನೇ ಕಮಿಟಿಗೆ ತೋರಿಸಿ ಪೂರ್ತಿ ಅಂಕ ಕೊಡಿಸ್ತೀನಿ. ಅಂಥ ಮಗುವಿಗೆ ಸೀಟು ಕೊಡದೆ ಇನ್ಯಾರಿಗೆ ಕೊಡೋಣ? ಊಟ ಮಾಡಿ ನೋಡಿ ಹೇಳಿ."

ಇದಕ್ಕಿಂತ ಒಳ್ಳೆಯ ಮಾತು ಯಾರು ಹೇಳಿಯಾರು? ಮೇಷ್ಟ್ರು ಮಾಡಬೇಕಾದದ್ದು ಟೇಬಲ್ಲಿನಿಂದ ಒಂದು ಪೇಪರ್ ತಂದುಕೊಡುವುದು. ಅಷ್ಟು ಮಾಡಲು ಅವರಿಂದ ಆಗುವ ಹಾಗಿರಲಿಲ್ಲ. ಪೇಪರಿನ ಮೇಲೆ ಗೂಡಿತ್ತು. ಅದನ್ನು ಕಂಡರೆ ತಿರುಮಲೇಶ ನಕ್ಕು ಮೊದಲು ಹೇಳುವ ಮಾತೇ 'ನಿಮ್ಮ ಗೂರ್ಖಾ' ಅನ್ನುವುದು. ಎರಡನೆಯ ಮಾತು, 'ಹಾಗಾದ್ರೆ ಇವಳು ನಿಮ್ಮ ಹುಡುಗಿ, ಬೆಳಿಗ್ಗೆ ಯಾಕೆ ಹೇಳಲಿಲ್ಲ' ಅನ್ನುವುದು. ಮೂರನೆಯದು, ರದ್ದು.

ಊಟಕ್ಕೆ ಕೂತರು. ಪೇಪರ್ ತೋರಿಸಿದರೆ ಹುಡುಗಿ ಹೊರಗೆ ಬೀಳಬಹುದು. ತೋರಿಸದಿದ್ದರೆ ಉತ್ತರದ ಅಂಕ ಹೋಗುತ್ತದೆ, ಉಳಿದದ್ದರಲ್ಲಿ ದಾಟಿದರೂ ದಾಟಬಹುದು. ಹೀಗೆ ಅವಳ ಹಿತಕ್ಕೇ ಸುಮ್ಮನಿರುವುದು ಮೇಲು ಎಂದು ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ತಮ್ಮ ಮಾನವೂ ಸೇರಿಕೊಂಡಿದೆಯೇ, ಎಲ್ಲರೆದುರು ಕೋಟು ಹಾಕಿಕೊಂಡು ಕಳ್ಳನ ಹಾಗೆ ನಿಲ್ಲುವ ಹೆದರಿಕೆಯೂ ಇದೆಯೇ ಎಂದು ಕೇಳಿಕೊಂಡರು. ಬಿಡಿಸಿ ನೋಡಲು ಬರಲಿಲ್ಲ. ಬೇರೆ ಮೇಷ್ಟ್ರುಗಳೂ ಬೆಳಿಗ್ಗೆ ಸುಮ್ಮನಿದ್ದರಲ್ಲ ಎಂದುಕೊಂಡರು. ಅವರ ಮಕ್ಕಳು x = 3 ಎಂದು ಬರೆದು ಹಾಯಾಗಿ ದಾಟಿದ್ದರು, ಅವರಿಗೇನು. ತಮಾಷೆ ನೋಡಿ, ಸರಿಯಾಗಿ ಕಲಿಸಿದವನು ಮಾತ್ರ ಸಿಕ್ಕಿಬೀಳಬೇಕು.

ಕೈ ತೊಳೆದು ಬರುವಾಗ ತಿರುಮಲೇಶ ಬಾಗಿಲಲ್ಲೇ ಎದುರಾದರು. "ಏನ್ರೀ, ಸಿಕ್ತಾ ಯಾವುದಾದ್ರೂ ಪೇಪರ್?"

"ಇಲ್ಲ ಸಾರ್" ಅಂದರು ಅನಂತರಾಮು. "ಯಾರೂ ಬರೆದಿಲ್ಲ."

"ನಿಮ್ಮ ಶಿಷ್ಯರಾಗಿದ್ರೆ ಬರೆದಿರೋರು" ಎಂದು ತಿರುಮಲೇಶ ಭುಜ ತಟ್ಟಿದರು. ಆ ಮನುಷ್ಯನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಟೇಬಲ್ಲಿಗೆ ಬಂದು ಸ್ಟೆಪ್ಪಿನ ಅಂಕಗಳನ್ನೆಲ್ಲ ಒಂದೂ ಬಿಡದೆ ಹಾಕಿದರು. ಉತ್ತರದ ಮುಂದೆ ಸೊನ್ನೆ ಬರೆದರು. ಪೇಪರನ್ನು ಉಗ್ರಪ್ಪನವರ ಕೈಗೆ ತಾವೇ ಒಯ್ದು ಕೊಟ್ಟರು. ಉಗ್ರಪ್ಪ, "ಇಷ್ಟೇ ಸಾರ್, ಸುಮ್ನೆ ತಲೆ ಕೆಡಿಸ್ಕೊಂಡ್ರಿ" ಎಂದು ಹಸಿರು ಟಿಕ್ ಹಾಕಿದರು. ಅವತ್ತು ಸಂಜೆ ಮನೆಗೆ ಹೋದ ಮೇಲೆ ಪಂಕಜಾ, "ಹೇಳಿದ್ರಾ?" ಎಂದು ಕೇಳಿದರು. ಮೇಷ್ಟ್ರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಸ್ನಾನಕ್ಕೆ ಹೋದರು.

ಫಲಿತಾಂಶ ಟ್ರಸ್ಟಿನ ಆಫೀಸಿನ ಗೋಡೆಗೆ ಬಂತು. ಜಯಾಳ ನಂಬರು ಇರಲಿಲ್ಲ. ಕೊನೆಯ ಸೀಟು ಹೋದದ್ದು ಎಷ್ಟು ಕಡಿಮೆ ಅಂತರದಲ್ಲಿ ಎಂದು ವಿಚಾರಿಸಿಕೊಂಡು ಬಂದ ಅನಂತರಾಮು ಅದನ್ನು ಹೆಂಡತಿಗೂ ಹೇಳಲಿಲ್ಲ. ಆರನೇ ಪ್ರಶ್ನೆಯ ಉತ್ತರಕ್ಕೆ ಸಿಗಬೇಕಾದ ಅಂಕ ಸಿಕ್ಕಿದ್ದರೆ ದಾಟಿ ಮಿಗುತ್ತಿತ್ತು.

ವಾರ ಕಳೆದ ಮೇಲೆ ಜಯಾ ಬಂದಳು. ಚಾಪೆಯ ಮೇಲೆ ಬೇರೆ ಮಕ್ಕಳು ಇನ್ನೂ ಬಂದಿರಲಿಲ್ಲ. ಅವಳು ಕೂರಲಿಲ್ಲ. ಪಂಕಜಾ ಕೊಟ್ಟ ಕಾಫಿಯನ್ನು ನಿಂತೇ ಕುಡಿದು, ಲೋಟ ತೊಳೆದಿಟ್ಟು ಬಂದಳು. ಸೋಮವಾರದಿಂದ ಗಾರ್ಮೆಂಟ್ಸಿಗೆ ಹೋಗುವುದೆಂದೂ, ಬೊಮ್ಮನಹಳ್ಳಿ ಕಡೆ ಎಂದೂ ಹೇಳಿದಳು. ಆಮೇಲೆ ಕೇಳಿದಳು.

"ಸಾರ್, ಆರನೇದು ನಾನು ಇಲ್ಲ ಅಂತ ಬರೆದಿದ್ದೆ. ಎಲ್ಲರೂ ಮೂರು ಅಂತಾರೆ. ನಂದು ತಪ್ಪಾ ಸಾರ್?"

ತಪ್ಪು ಎಂದುಬಿಟ್ಟರೆ ಇಲ್ಲಿಗೆ ಮುಗಿದುಹೋಗುತ್ತದೆ ಎಂದು ಅನಂತರಾಮು ಅವರಿಗೆ ಅನ್ನಿಸಿತು.

"ತಪ್ಪಲ್ಲಮ್ಮ. ಸರಿಯಾಗೇ ಬರೆದಿದೀಯ. ಅವರ ಕೀನೇ ತಪ್ಪು."

"ಪೇಪರ್ ನೋಡಿದೋರಿಗೆ ಗೊತ್ತಾಗಲಿಲ್ವಾ?"

"ಗೊತ್ತಾಯ್ತು." ಮೇಷ್ಟ್ರು ಸ್ಲೇಟನ್ನು ತೊಡೆಯ ಮೇಲಿಂದ ತೆಗೆದು ಕೆಳಗಿಟ್ಟರು. "ನಾನೇ ನೋಡಿದ್ದು ಜಯಾ. ನನ್ನ ಹುಡುಗಿ ಅಂತ ಗೊತ್ತಾದ್ರೆ ನಿನ್ನ ಪೇಪರೇ ತೆಗೆದುಹಾಕ್ತಾರೆ ಅಂತ... ನಾನು ಮೊದಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಆಮೇಲೆ ಹೇಳೋಕೆ ಆಗಲಿಲ್ಲ."

ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಅವರು ಕಾದರು. ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಒಳಗಡೆ ಪಂಕಜಾಗೆ ಕೇಳಿಸಿತೇನೋ ಎಂದು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ನಮ್ಮನೇಲಿ ಹೇಳ್ಬೇಡಿ ಸಾರ್. ನಾನೇ ತಪ್ಪು ಬರೆದೆ ಅಂತ ಹೇಳಿದೀನಿ ಅಪ್ಪಂಗೆ. ಅದೇ ಇರ್ಲಿ."

"ಯಾಕಮ್ಮ? ನಾನು ಬಂದು ಹೇಳ್ತೀನಿ ನಿಮ್ಮಪ್ಪನಿಗೆ. ನಿನ್ನ ತಪ್ಪಿಲ್ಲ ಅಂತಾದ್ರೂ ಗೊತ್ತಾಗಬೇಕಲ್ಲ ಅವನಿಗೆ."

"ಬೇಡ ಸಾರ್. ಸರಿಯಾಗಿ ಬರೆದ್ರೂ ಸೀಟ್ ಸಿಗಲ್ಲ ಅಂತ ಗೊತ್ತಾದ್ರೆ ತಂಗೀನ ಟ್ಯೂಷನ್ನಿಗೆ ಕಳಿಸಲ್ಲ. ಜೂನಿಂದ ಅವಳು ಬರ್ತಾಳೆ. ಹೇಳ್ಕೊಡಿ."

ಅನಂತರಾಮು ಆಯಿತು ಅಂದರು. ಅವಳು ಬಸ್ಸಿಗೆ ಹೊತ್ತಾಯಿತೆಂದು ಹೋದಳು.